ಅನಿಮೇಷನ್ ತರಗತಿ: ತಂತ್ರಾಂಶಕ್ಕಿಂತ ಮೊದಲು ಕಣ್ಣು ಕಲಿಯಲಿ

ಕಂಪ್ಯೂಟರಿನಲ್ಲಿ ಪಾತ್ರಗಳಿಗೆ ರೂಪ ಕೊಡುವ ಮಾಡೆಲಿಂಗ್ ಮತ್ತು ಆ ರೂಪಕ್ಕೆ ಚಲನೆ ತುಂಬುವ ಅನಿಮೇಷನ್, ಈ ಎರಡು ವಿದ್ಯೆಗಳನ್ನು ಕಲಿಸುವ ತರಗತಿಗಳು ಈಗ ಬೆಂಗಳೂರಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ಜಿಲ್ಲಾ ಕೇಂದ್ರಗಳ ಚಿತ್ರಕಲಾ ಮಹಾವಿದ್ಯಾಲಯಗಳಲ್ಲಿ, ಬಸ್ ನಿಲ್ದಾಣದ ಎದುರಿನ ಮಹಡಿಗಳಲ್ಲಿ ನಡೆಯುವ ಖಾಸಗಿ ಕೇಂದ್ರಗಳಲ್ಲಿ ನೂರಾರು ಮಕ್ಕಳು ಇದನ್ನು ಕಲಿಯುತ್ತಿದ್ದಾರೆ. ಅವರಲ್ಲಿ ನಮ್ಮ ಮಂಡಳಿಯ ಸದಸ್ಯರ ಮಕ್ಕಳೂ ಇದ್ದಾರೆ, ನಮ್ಮ ಅಂಗಡಿ ಕಾರ್ಖಾನೆಗಳಲ್ಲಿ ದುಡಿಯುವವರ ಮಕ್ಕಳೂ ಇದ್ದಾರೆ. ಎರಡನೆಯವರು ಬ್ಯಾಂಕಿನ ಸಾಲ ಮಾಡಿ ಕಲಿಯುತ್ತಿರುವವರು ಎಂಬುದನ್ನು ಮರೆಯಬಾರದು. ಆದ್ದರಿಂದ ಆ ತರಗತಿಯೊಳಗೆ ನಡೆಯುವುದೇನು ಎಂಬ ಪ್ರಶ್ನೆ ವಾಣಿಜ್ಯ ಪತ್ರಿಕೆಯೊಂದರ ವ್ಯಾಪ್ತಿಗೆ ಹೊರತಾದುದಲ್ಲ ಎಂದು ಭಾವಿಸಿ ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇನೆ.

ನಾನು ಚಿತ್ರಕಲಾವಿದನಲ್ಲ, ಗದಗ-ಬೆಟಗೇರಿಯಲ್ಲಿ ಎರಡು ತಲೆಮಾರುಗಳಿಂದ ಮುದ್ರಣ ಮತ್ತು ಪ್ಯಾಕೇಜಿಂಗ್ ವ್ಯವಸಾಯ ಮಾಡಿಕೊಂಡು ಬಂದವನು. ಈ ವಿಷಯಕ್ಕೆ ನಾನು ಬಂದದ್ದು ಒಂದು ಮುಖಭಂಗದ ಮೂಲಕ.

ನಮ್ಮ ಹಳೆಯ ಗಿರಾಕಿಯೊಬ್ಬರು ಪಶು ಆಹಾರ ತಯಾರಕರು. ಅವರ ಚೀಲಗಳ ಮೇಲೆ ಒಂದು ಎತ್ತಿನ ಚಿತ್ರವನ್ನು ನಾವೇ ಬಹು ವರ್ಷಗಳಿಂದ ಮುದ್ರಿಸಿಕೊಡುತ್ತಿದ್ದೆವು. 2023ರ ಕಾರ ಹುಣ್ಣಿಮೆಗೆ ವಿತರಕರ ಸಮಾವೇಶ ಏರ್ಪಡಿಸಿದ್ದ ಅವರು, ಆ ಎತ್ತು ಚೀಲದಿಂದಿಳಿದು ನಡೆದು ಬರುವಂತೆ 30 ಸೆಕೆಂಡುಗಳ ಒಂದು ಚಿತ್ರ ಬೇಕೆಂದು ಕೇಳಿದರು. ಹೊರಗಿನ ಸ್ಟುಡಿಯೋ ಕೇಳಿದ ದರ ನನಗೆ ಹೆಚ್ಚೆನಿಸಿತು. ಸಮೀಪದ ತರಬೇತಿ ಸಂಸ್ಥೆಯೊಂದರ ಮೂವರು ವಿದ್ಯಾರ್ಥಿಗಳಿಗೆ 25 ಸಾವಿರ ರೂಪಾಯಿ ಕೊಡುವೆನೆಂದು ಹೇಳಿ, ಮೂರು ವಾರಗಳ ಗಡುವು ಹಾಕಿ ಕೆಲಸ ಒಪ್ಪಿಸಿದೆ. ಅಗ್ಗಕ್ಕೆ ಆಸೆಪಟ್ಟೆ ಎಂಬುದನ್ನು ಮುಚ್ಚಿಡುವುದಿಲ್ಲ.

ಹುಡುಗರು ಗಡುವಿನೊಳಗೆ ಚಿತ್ರ ತಂದರು. ಕೂದಲು, ಬೆಳಕು, ನೆರಳು, ಧೂಳು ಎಲ್ಲವೂ ಕಣ್ಣು ಕುಕ್ಕುವಂತಿದ್ದವು. ನಾನೂ ಗಿರಾಕಿಯೂ ಮೆಚ್ಚಿಕೊಂಡೆವು. ಸಮಾವೇಶದ ಪರದೆಯ ಮೇಲೆ ಎತ್ತು ನಾಲ್ಕು ಹೆಜ್ಜೆ ಇಟ್ಟಿತ್ತೋ ಇಲ್ಲವೋ, ಹಿಂದಿನ ಸಾಲಿನಲ್ಲಿ ನಗು ಶುರುವಾಯಿತು. ರೋಣದ ಕಡೆಯ ಹಿರಿಯ ರೈತರೊಬ್ಬರು ಎದ್ದು ನಿಂತು, "ಸಾವಕಾರ್ರ, ಇದು ಎತ್ತು ಅಲ್ರಿ, ಎತ್ತಿನ ತೊಗಲು ಹೊದ್ದ ನಾಯಿ ಐತಿ ನೋಡ್ರಿ" ಎಂದರು. ಸಭೆಯೇ ಗೊಳ್ಳೆಂದಿತು. ಪಶು ಆಹಾರ ಮಾರುವವನಿಗೆ ಎತ್ತಿನ ಗುರುತೇ ಇಲ್ಲ ಎಂಬ ಮಾತು ನನ್ನ ಗಿರಾಕಿಯ ಬೆನ್ನು ಬಿಡಲು ತಿಂಗಳುಗಳೇ ಬೇಕಾದವು.

ಆಗಿದ್ದೇನು ಎಂದು ವಿಚಾರಿಸಿದಾಗ ತಿಳಿದದ್ದು ಇಷ್ಟು. ಹುಡುಗರು ಎತ್ತಿನ ಮಾದರಿಯನ್ನು ಅಂತರಜಾಲದಿಂದ ಸಿದ್ಧರೂಪದಲ್ಲೇ ಕೊಂಡಿದ್ದರು. ಅದು ಯೂರೋಪಿನ ತಳಿಯ ಹೋರಿ, ಅದಕ್ಕೆ ಡುಬ್ಬವಿಲ್ಲ. ಡುಬ್ಬವನ್ನು ಪ್ರತ್ಯೇಕವಾಗಿ ಮಾಡಿ ಹೆಗಲ ಮೇಲೆ ಅಂಟಿಸಿದ್ದರು. ಅದು ಕಲ್ಲಿನಂತೆ ಕೂತಿತ್ತು. ನಡಿಗೆಯನ್ನೂ ಸಿದ್ಧ ಸಂಗ್ರಹವೊಂದರಿಂದಲೇ ತೆಗೆದುಕೊಂಡಿದ್ದರು. ಅದು ನಾಯಿಯ ಓಟ. ನಾಯಿ ಕುಕ್ಕುಲೋಟದಲ್ಲಿ ಹೋಗುವಾಗ ಎದುರುಮೂಲೆಯ ಮುಂಗಾಲು ಹಿಂಗಾಲುಗಳು ಜೊತೆಯಾಗಿ ಏಳುತ್ತವೆ. ಎತ್ತು ನಡೆಯುವುದು ಹಾಗಲ್ಲ. ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು ಎಂಬ ನಾಲ್ಕು ಎಣಿಕೆಯ ನಡಿಗೆ ಅದರದು. ಮುಂಗಾಲು ಊರಿದ ಗುರುತಿನ ಹತ್ತಿರಕ್ಕೇ ಹಿಂಗಾಲು ಬಂದು ಬೀಳುತ್ತದೆ. ಹೆಜ್ಜೆಗೊಮ್ಮೆ ತಲೆ ತಗ್ಗಿ ಏಳುತ್ತದೆ. ಗಂಗೆದೊಗಲು ಮೈಗಿಂತ ಒಂದು ಕ್ಷಣ ತಡವಾಗಿ ಓಲಾಡುತ್ತದೆ. ಇದನ್ನು ಬಾಯಲ್ಲಿ ವಿವರಿಸಬಲ್ಲ ರೈತ ಆ ಸಭೆಯಲ್ಲಿ ಒಬ್ಬನೂ ಇದ್ದಿರಲಾರ. ಆದರೆ ತಪ್ಪು ಕಂಡದ್ದು ಎಲ್ಲರಿಗೂ.

ಆ ಮೂವರು ಹುಡುಗರಲ್ಲಿ ಇಬ್ಬರು ಒಕ್ಕಲು ಮನೆತನದವರು. ಎತ್ತನ್ನು ಅವರು ದಿನವೂ ಕಂಡಿದ್ದರು, ನೋಡಿರಲಿಲ್ಲ. ನೋಡಿರಿ ಎಂದು ತರಗತಿಯಲ್ಲಿ ಯಾರೂ ಅವರಿಗೆ ಹೇಳಿರಲೂ ಇಲ್ಲ. ಹನ್ನೆರಡು ತಿಂಗಳ ಪಠ್ಯದಲ್ಲಿ ಅವರು ಕಲಿತದ್ದು ಯಾವ ಪಟ್ಟಿಯಲ್ಲಿ ಯಾವ ಗುಂಡಿ ಇದೆ ಎಂಬುದನ್ನು.

ಮುಂದಿನ ವಾರ ಬೇರೊಂದು ಚಿತ್ರಕಲಾ ಕಾಲೇಜಿನ ಅಧ್ಯಾಪಕರೊಬ್ಬರು ನನ್ನನ್ನು ಕಾಣಲು ಬಂದರು. ನಮ್ಮ ಫಜೀತಿಯ ಸುದ್ದಿ ಅವರಿಗೂ ಮುಟ್ಟಿತ್ತು. "ಸರ್, ಹಣದ ಮಾತು ಆಮೇಲೆ ಆಡೋಣ, ಮೊದಲು ನಮ್ಮ ತರಗತಿ ನೋಡಿರಿ" ಎಂದರು. ಹೋದೆ. ಕಂಪ್ಯೂಟರುಗಳೆಲ್ಲ ಆರಿದ್ದವು. ಇಪ್ಪತ್ತು ಮಕ್ಕಳು ನೆಲದ ಮೇಲೆ ಕುಳಿತು, ನಡುವೆ ಇಟ್ಟಿದ್ದ ಅರ್ಧ ತುಂಬಿದ ಒಂದು ಗೋಣಿಚೀಲವನ್ನು ಚಿತ್ರಿಸುತ್ತಿದ್ದರು. ಚೀಲ ನಿದ್ದೆ ಮಾಡುತ್ತಿದೆ, ಚೀಲ ಸಿಟ್ಟಿಗೆದ್ದಿದೆ, ಚೀಲ ಕಾಲುವೆ ದಾಟಲು ಹೆದರುತ್ತಿದೆ. ಕಣ್ಣು ಮೂಗು ಬರೆಯುವಂತಿಲ್ಲ. ಚೀಲದ ಬಾಗು ಬಳುಕಿನಲ್ಲಿಯೇ ಭಾವ ಕಾಣಬೇಕು. ಇದು ಅವರ ಸ್ವಂತ ಕಲ್ಪನೆಯಲ್ಲವಂತೆ. ಅಮೆರಿಕದ ಡಿಸ್ನಿ ಸ್ಟುಡಿಯೋದಲ್ಲಿ ಹೊಸಬರಿಗೆ ಕೊಡುತ್ತಿದ್ದ ಹಿಟ್ಟಿನ ಚೀಲದ ಅಭ್ಯಾಸ ಅದು. ನಮ್ಮಲ್ಲಿ ಅದು ಶೇಂಗಾದ ಗೋಣಿಯಾಗಿತ್ತು, ಅಷ್ಟೆ.

ಆ ಅಧ್ಯಾಪಕರು ಹೇಳಿದ ಚರಿತ್ರೆಯನ್ನು ನಾನು ಅನಂತರ ಓದಿ ಖಚಿತಪಡಿಸಿಕೊಂಡೆ. ನಮ್ಮ ಓದುಗರಿಗೂ ಅದು ರುಚಿಸೀತು. 1942ರಲ್ಲಿ ತೆರೆಕಂಡ 'ಬ್ಯಾಂಬಿ' ಚಿತ್ರಕ್ಕಾಗಿ ಡಿಸ್ನಿ ಸ್ಟುಡಿಯೋಗೆ ಎರಡು ಜಿಂಕೆಮರಿಗಳನ್ನು ತರಿಸಿ ಸಾಕಿದ್ದರು. ರಿಕೋ ಲೆಬ್ರನ್ ಎಂಬ ಕಲಾವಿದ ಅಲ್ಲಿನ ಚಿತ್ರಕಾರರಿಗೆ ಪ್ರಾಣಿಗಳ ಮೂಳೆ ಮತ್ತು ಸ್ನಾಯುಗಳ ರಚನೆಯನ್ನು ಪಾಠ ಮಾಡಿದ. ಆ ಚಿತ್ರದಲ್ಲಿ ದುಡಿದವರಲ್ಲಿ ಕ್ಲೇರ್ ವೀಕ್ಸ್ ಒಬ್ಬರು. ಅವರು ಹುಟ್ಟಿದ್ದು ಭಾರತದಲ್ಲಿ. 1956ರಲ್ಲಿ ಅವರು ಮುಂಬೈಯ ಫಿಲ್ಮ್ಸ್ ಡಿವಿಷನ್‌ಗೆ ಬಂದು ಅಲ್ಲಿನ ವ್ಯಂಗ್ಯಚಿತ್ರ ವಿಭಾಗದ ತರುಣರಿಗೆ ತರಬೇತಿ ಕೊಟ್ಟರು. ಅದರ ಫಲವಾಗಿ ಜಾತಕ ಕಥೆಯೊಂದನ್ನು ಆಧರಿಸಿದ 'ದಿ ಬನಿಯನ್ ಡಿಯರ್' ಎಂಬ ಕಿರುಚಿತ್ರ 1957ರಲ್ಲಿ ಹೊರಬಂದಿತು. ಅದೂ ಜಿಂಕೆಯ ಕಥೆಯೇ. ನಮ್ಮ ದೇಶದ ಅನಿಮೇಷನ್ ಉದ್ಯಮದ ಹಿರಿಯರೆನಿಸಿದ ರಾಮ್ ಮೋಹನ್ ಅವರು ತಯಾರಾದದ್ದು ಆ ವಿಭಾಗದಲ್ಲಿಯೇ. ಅಲ್ಲಿ ಕಂಪ್ಯೂಟರ್ ಇರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಕಂಪ್ಯೂಟರ್ ಬಂದ ಮೇಲೆ ಇದೆಲ್ಲ ಹಳತಾಯಿತೇ? ಆಗಲಿಲ್ಲ. 1986ರಲ್ಲಿ ಜಾನ್ ಲ್ಯಾಸೆಟರ್ ಎಂಬುವರು ಪಿಕ್ಸಾರ್ ಸಂಸ್ಥೆಯಲ್ಲಿ 'ಲಕ್ಸೊ ಜೂನಿಯರ್' ಎಂಬ ಎರಡು ನಿಮಿಷಗಳ ಚಿತ್ರ ಮಾಡಿದರು. ಅದರಲ್ಲಿರುವುದು ಎರಡು ಮೇಜಿನ ದೀಪಗಳು ಮಾತ್ರ, ಒಂದು ದೊಡ್ಡದು, ಒಂದು ಚಿಕ್ಕದು. ಕಣ್ಣಿಲ್ಲ, ಬಾಯಿಲ್ಲ, ಕೈಯಿಲ್ಲ. ಆದರೂ ಯಾವುದು ತಂದೆ ತಾಯಿಯಂತೆ, ಯಾವುದು ತುಂಟ ಮಗು ಎಂಬುದು ನೋಡಿದೊಡನೆ ತಿಳಿಯುತ್ತದೆ. ಡಿಸ್ನಿಯ ಹಳಬರು ಕೈಯಲ್ಲಿ ಬಿಡಿಸುತ್ತಿದ್ದಾಗ ಕಂಡುಕೊಂಡ ತತ್ತ್ವಗಳೇ ಕಂಪ್ಯೂಟರಿಗೂ ಬೇಕೆಂದು ಅದೇ ಲ್ಯಾಸೆಟರ್ 1987ರಲ್ಲಿ ಒಂದು ಪ್ರಬಂಧ ಬರೆದರು. ಇಂದಿಗೂ ಒಳ್ಳೆಯ ತರಗತಿಗಳಲ್ಲಿ ಆ ಹನ್ನೆರಡು ತತ್ತ್ವಗಳ ಪಾಠ ನಡೆಯುತ್ತದೆ.

ಈ ತತ್ತ್ವಗಳು ಏನೋ ಗಹನವಾದವು ಎಂದುಕೊಂಡಿದ್ದೆ. ನಮ್ಮ ಅಧ್ಯಾಪಕರು ಅವನ್ನು ಕಲಿಸುವ ರೀತಿ ನೋಡಿ ನಗು ಬಂದಿತು. ಯಾವುದೇ ಚಲನೆಗೆ ಮುಂಚೆ ಅದಕ್ಕೆ ವಿರುದ್ಧ ದಿಕ್ಕಿನಲ್ಲಿ ಒಂದು ಸಿದ್ಧತೆ ಇರಬೇಕು ಎಂಬುದು ಒಂದು ತತ್ತ್ವ. ಅದನ್ನು ಅವರು "ಟಗರಿನ ಪಾಠ" ಎನ್ನುತ್ತಾರೆ. ಟಗರು ಹಿಂದೆ ಸರಿಯುವುದು ಹೆದರಿ ಅಲ್ಲ, ಗುದ್ದುವುದಕ್ಕೆ ಎಂಬುದು ನಮ್ಮ ಕಡೆಯ ಮಗುವಿಗೂ ಗೊತ್ತಲ್ಲವೇ! ಇಂಗ್ಲಿಷ್ ಹೆಸರಿಗೆ ಬೆದರುತ್ತಿದ್ದ ಕನ್ನಡ ಮಾಧ್ಯಮದ ಮಕ್ಕಳು ಟಗರೆಂದೊಡನೆ ಕತ್ತೆತ್ತಿ ಕೂರುತ್ತಾರೆ. ತೂಕ ಎಂಬುದಕ್ಕೆ ಅವರಿಗೆ ಹಮಾಲರೇ ಗುರುಗಳು. ಮೊಣಕಾಲು ಬಾಗದೆ, ಸೊಂಟ ಚೀಲದ ಕೆಳಗೆ ಬಾರದೆ ಹಮಾಲನೊಬ್ಬ ಚೀಲವೆತ್ತಿದಂತೆ ಚಿತ್ರಿಸಿದರೆ, ಆ ಚೀಲದಲ್ಲಿ ಇರುವುದು ಹತ್ತಿಯೇ ಹೊರತು ಕಡಲೆಯಲ್ಲ.

ಮಾಡೆಲಿಂಗ್ ಬಗ್ಗೆಯೂ ಒಂದು ಮಾತು ಹೇಳಬೇಕು. ಇಲ್ಲಿ ನನ್ನ ಕಸುಬಿನ ಪರಿಚಯ ನೆರವಿಗೆ ಬಂದಿತು. ಪಾತ್ರದ ಮೈಯನ್ನು ಕಂಪ್ಯೂಟರಿನಲ್ಲಿ ಸಣ್ಣ ಸಣ್ಣ ಚೌಕಗಳ ಬಲೆಯಾಗಿ ಹೆಣೆಯುತ್ತಾರೆ. ಬಲೆಯ ಸಾಲುಗಳು ಕೀಲುಗಳ ಸುತ್ತ ಸರಿಯಾಗಿ ಸುತ್ತಿಬರದಿದ್ದರೆ ಕಾಲು ಮಡಿಸಿದಾಗ ಮೊಣಕಾಲು ಹಿಸುಕಿದ ಕೊಳವೆಯಂತಾಗುತ್ತದೆ. ರಟ್ಟಿನ ಪೆಟ್ಟಿಗೆಗೆ ಕ್ರೀಸ್ ಹಾಕುವ ಜಾಗ ತಪ್ಪಿದರೆ ಮೂಲೆ ಒಡೆಯುವುದಿಲ್ಲವೇ, ಹಾಗೆ. ಇನ್ನು ಆ ಮೈಗೆ ಬಣ್ಣ ಹಚ್ಚಬೇಕಾದರೆ ತೊಗಲನ್ನು ಅಲ್ಲಲ್ಲಿ ಕತ್ತರಿಸಿ ಚಪ್ಪಟೆಯಾಗಿ ಹರಡಿಕೊಳ್ಳುತ್ತಾರೆ. ವಿದ್ಯಾರ್ಥಿನಿಯೊಬ್ಬಳು ಅದನ್ನು ಪರದೆಯ ಮೇಲೆ ತೋರಿಸಿದಾಗ, "ತಂಗಿ, ಇದು ನಮ್ಮ ಡೈ ಕಟಿಂಗಿನ ನಕ್ಷೆಯಲ್ಲವೇ" ಎಂದೆ. ಮರುದಿನ ಆಕೆ ಗೆಳತಿಯರೊಂದಿಗೆ ನಮ್ಮ ಕಾರ್ಖಾನೆಗೆ ಬಂದು, ಹಾಳೆ ಪೆಟ್ಟಿಗೆಯಾಗುವುದನ್ನು ಅರ್ಧ ದಿನ ನೋಡಿದಳು. ತರಗತಿಯಲ್ಲಿ ತಿಂಗಳಿಂದ ಅರ್ಥವಾಗದೆ ಉಳಿದಿದ್ದದ್ದು ಅಂದು ಅರ್ಥವಾಯಿತೆಂದು ಹೇಳಿ ಹೋದಳು. ನಮ್ಮ ಅಂಗಳದಲ್ಲಿ ಹಾಳಾಗಿ ಬಿದ್ದ ರಟ್ಟಿಗೆ ಇಷ್ಟು ಬೆಲೆ ಇದೆಯೆಂದು ನನಗೆ ತಿಳಿದಿರಲಿಲ್ಲ.

ಕೆಡಿಸಿಕೊಂಡ ಎತ್ತಿನ ಕೆಲಸವನ್ನು ಆ ಕಾಲೇಜಿನ ಮಕ್ಕಳಿಗೆ ಒಪ್ಪಿಸಿದೆ. ಹಿಂದಿನ ಮೂವರು ಹುಡುಗರನ್ನೂ ಅವರ ಜೊತೆ ಸೇರಿಸಿಕೊಳ್ಳುವಂತೆ ಕೇಳಿಕೊಂಡೆ. ಅವರು ಕಂಪ್ಯೂಟರ್ ಮುಟ್ಟುವ ಮೊದಲು ಕುಂಬಾರರ ಓಣಿಗೆ ಹೋದರು. ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂದಿತ್ತು. ಮುದ್ದೆ ಮಣ್ಣಿನಿಂದ ಕುಂಬಾರನ ಹೆಂಡತಿ ಎಷ್ಟು ಚಿವುಟಿಗೆ ಎತ್ತು ಮಾಡುತ್ತಾಳೆ, ಯಾವ ಚಿವುಟಿಗೆ ಅದು ಎತ್ತಾಗುತ್ತದೆ ಎಂಬುದನ್ನು ನೋಡಿದರು. ಡುಬ್ಬವನ್ನು ಆಕೆ ಅಂಟಿಸುವುದಿಲ್ಲ, ಬೆನ್ನಿನ ಮಣ್ಣನ್ನೇ ಮೇಲೆತ್ತುತ್ತಾಳೆ. ಹಿಂದಿನ ಹುಡುಗರು ತಮ್ಮ ತಪ್ಪನ್ನು ತಾವೇ ಕಂಡುಕೊಂಡದ್ದು ಅಲ್ಲಿ. ಅನಂತರ ದನದ ಸಂತೆಗೆ ನಾಲ್ಕು ವಾರ ಹೋಗಿ, ಖಿಲಾರಿ ಎತ್ತುಗಳನ್ನು ಚಿತ್ರಿಸಿ, ಮೊಬೈಲಿನಲ್ಲಿ ಸೆರೆಹಿಡಿದು, ಚೌಕಟ್ಟು ಚೌಕಟ್ಟಾಗಿ ಬಿಡಿಸಿ ನೋಡಿದರು. ಸೆಕೆಂಡಿಗೆ 24 ಚೌಕಟ್ಟಿನಂತೆ 30 ಸೆಕೆಂಡಿಗೆ 720 ಚಿತ್ರಗಳು. ಒಂದೊಂದರಲ್ಲೂ ನಾಲ್ಕು ಕಾಲುಗಳ ಲೆಕ್ಕ ಕೂಡಿಬರಬೇಕು. ನಮ್ಮ ದಿನವಹಿಯ ಲೆಕ್ಕಕ್ಕಿಂತ ಕಟ್ಟುನಿಟ್ಟು! ಎಲ್ಲ ಮುಗಿಯಲು ಐದು ತಿಂಗಳು ಹಿಡಿದವು. ಮೊದಲ ಸಲಕ್ಕಿಂತ ಮೂರು ಪಟ್ಟು ಹಣ ಕೊಟ್ಟೆ, ಗಿರಾಕಿಯಿಂದ ಅಷ್ಟು ವಸೂಲಾಗಲಿಲ್ಲ. 2024ರ ಕಾರ ಹುಣ್ಣಿಮೆಗೆ ಚಿತ್ರ ತೋರಿಸಿದಾಗ ಯಾರೂ ನಗಲಿಲ್ಲ. ರೋಣದ ಅದೇ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಷ್ಟು ಹಲ್ಲಿಂದರಿ ಇದು?" ಎಂದು ಕೇಳಿದರು. ಅವರು ತಮಾಷೆಗೆ ಕೇಳಿದರೋ ನಿಜವಾಗಿಯೋ ನನಗೆ ಇಂದಿಗೂ ತಿಳಿಯದು.

ಇಷ್ಟು ದೀರ್ಘವಾಗಿ ಒಂದು ಎತ್ತಿನ ಕಥೆ ಹೇಳಿದ್ದಕ್ಕೆ ಕಾರಣವಿದೆ. ತಂತ್ರಾಂಶವನ್ನೇ ವಿದ್ಯೆಯೆಂದು ಮಾರುವ ತರಗತಿಗಳು ಮಕ್ಕಳಿಂದ ಲಕ್ಷಗಟ್ಟಲೆ ಶುಲ್ಕ ಪಡೆಯುತ್ತಿವೆ. ತಂತ್ರಾಂಶದ ಆಯುಷ್ಯ ಎಷ್ಟೆಂಬುದನ್ನು ಮುದ್ರಣದವರಾದ ನಾವು ಚೆನ್ನಾಗಿ ಬಲ್ಲೆವು. ನಮ್ಮ ತಂದೆಯವರ ಕಾಲದ ಮೊಳೆ ಜೋಡಿಸುವವರ ಕೈಯಿಂದ ಕೆಲಸ ಪೇಜ್‌ಮೇಕರ್ ಬಲ್ಲವರ ಕೈಗೆ ಹೋಯಿತು. ಪೇಜ್‌ಮೇಕರ್ ಕೂಡ ಮುಂದೆ ಇನ್‌ಡಿಸೈನ್‌ಗೆ ದಾರಿ ಬಿಟ್ಟು ಮರೆಯಾಯಿತು. ಈ ಎರಡು ಹೊಳೆಗಳನ್ನೂ ದಾಟಿ ಉಳಿದವರು ಅಕ್ಷರದ ಅಂದ, ಪುಟದ ಅಳತೆ ಬಲ್ಲವರು. ಅನಿಮೇಷನ್ನಿನಲ್ಲಿಯೂ ಅದೇ ಆಗಿದೆ. ಒಂದು ಕಾಲಕ್ಕೆ ಮೇಲ್ಮಟ್ಟದ ಸ್ಟುಡಿಯೋಗಳ ನೆಚ್ಚಿನದಾಗಿದ್ದ ಸಾಫ್ಟ್‌ಇಮೇಜ್ ತಂತ್ರಾಂಶದ ಕೊನೆಯ ಆವೃತ್ತಿ ಇದೆಂದು ಅದರ ಒಡೆಯರು 2014ರಲ್ಲಿ ಘೋಷಿಸಿದರು. ಅಂತರಜಾಲದ ಪುಟಗಳಲ್ಲೆಲ್ಲ ಕುಣಿಯುತ್ತಿದ್ದ ಫ್ಲ್ಯಾಶ್ ಪ್ಲೇಯರ್ 2020ರ ಕೊನೆಗೆ ನಿಂತಿತು. ಈಗ ಬರೆದುಕೊಟ್ಟ ನಾಲ್ಕು ಸಾಲಿಗೆ ಚಲಿಸುವ ಚಿತ್ರ ಮಾಡಿಕೊಡುವ ಕೃತಕ ಬುದ್ಧಿಮತ್ತೆಯ ಉಪಕರಣಗಳು ಬಂದಿವೆ. ಗುಂಡಿ ಒತ್ತುವುದಷ್ಟನ್ನೇ ಕಲಿತವನ ಕೆಲಸವನ್ನು ಅವು ಮೊದಲು ನುಂಗುತ್ತವೆ ಎಂಬುದು ನನ್ನ ಅನಿಸಿಕೆ. ಎತ್ತಿನ ಕಾಲು ತಪ್ಪಿದ್ದನ್ನು ಕಂಡುಹಿಡಿದು ತಿದ್ದಬಲ್ಲವನಿಗೆ ಆ ಉಪಕರಣ ಇನ್ನೊಂದು ಉಪಕರಣ, ಅಷ್ಟೆ.

ದೊಡ್ಡ ಸ್ಟುಡಿಯೋಗಳಲ್ಲಿ ನೌಕರಿ ಇದೆಯಲ್ಲ ಎನ್ನುವವರೂ ಇದ್ದಾರೆ. ಇದೆ, ನಿಜ. ಕರ್ನಾಟಕವು 2012ರಲ್ಲಿಯೇ ದೇಶಕ್ಕೆ ಮೊದಲಿಗನಾಗಿ ಈ ಕ್ಷೇತ್ರಕ್ಕೊಂದು ನೀತಿಯನ್ನು ರೂಪಿಸಿತು; 2024ರಿಂದ 2029ರವರೆಗಿನ ಹೊಸ ನೀತಿಯೂ ಬಂದಿದೆ. ಇದನ್ನು ಮೆಚ್ಚುತ್ತಲೇ ಮತ್ತೊಂದು ಮುಖವನ್ನೂ ನೋಡಬೇಕು. 'ಲೈಫ್ ಆಫ್ ಪೈ' ಚಿತ್ರದ ಹುಲಿಯನ್ನು ಸೃಷ್ಟಿಸಿದ ರಿದಮ್ ಅಂಡ್ ಹ್ಯೂಸ್ ಸಂಸ್ಥೆ 2013ರ ಫೆಬ್ರವರಿಯಲ್ಲಿ, ಆ ಕೆಲಸಕ್ಕೆ ಆಸ್ಕರ್ ಬರುವ ಕೆಲವೇ ದಿನ ಮುಂಚೆ, ದಿವಾಳಿ ಅರ್ಜಿ ಹಾಕಿತು. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಸಮೂಹ ಕುಸಿದಾಗ ಬೆಂಗಳೂರು ಮತ್ತು ಮುಂಬೈಗಳಲ್ಲಿ ಸಾವಿರಾರು ಕಲಾವಿದರು ಒಮ್ಮೆಲೇ ಕೆಲಸ ಕಳೆದುಕೊಂಡರು. ಅವರು ಅಸಮರ್ಥರಾಗಿರಲಿಲ್ಲ. ಆದರೆ ಬಹುಪಾಲು ಕೆಲಸ ಹೊರದೇಶದ ಚಿತ್ರಗಳ ಬಿಡಿಭಾಗಗಳದಾಗಿತ್ತು. ಅದರ ಪಾತ್ರ, ಕಥೆ, ಹಕ್ಕು ಯಾವುದೂ ಇಲ್ಲಿಯದಲ್ಲ. ಕಚ್ಚಾ ಹತ್ತಿ ಕಳಿಸಿ ಬಟ್ಟೆ ಕೊಳ್ಳುವ ವ್ಯಾಪಾರದಲ್ಲಿ ಲಾಭ ಯಾರಿಗೆ ಎಂಬುದನ್ನು ಹತ್ತಿಯ ಸೀಮೆಯಾದ ಗದಗಿನವರಿಗೆ ವಿವರಿಸಬೇಕಿಲ್ಲ.

ಇದಕ್ಕೆ ಎದುರಾಗಿ ಪುಟ್ಟ ದೇಶ ಲ್ಯಾಟ್ವಿಯಾದ ಉದಾಹರಣೆಯನ್ನು ನೋಡಿರಿ. ಅಲ್ಲಿನ ಗಿಂಟ್ಸ್ ಜಿಲ್ಬಲೋದಿಸ್ ಎಂಬ ತರುಣ ನಿರ್ದೇಶಕರು 'ಫ್ಲೋ' ಎಂಬ ಚಿತ್ರವನ್ನು ಬ್ಲೆಂಡರ್ ತಂತ್ರಾಂಶದಲ್ಲಿ ಮಾಡಿದರು. ಬ್ಲೆಂಡರ್ ಎಂಬುದು ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದದ್ದು. 2002ರಲ್ಲಿ ಅದರ ಅಭಿಮಾನಿಗಳೇ ಒಂದು ಲಕ್ಷ ಯೂರೋ ಕೂಡಿಸಿ ಅದನ್ನು ಮುಕ್ತಗೊಳಿಸಿದ್ದರು. 'ಫ್ಲೋ'ದಲ್ಲಿ ಒಂದೂ ಮಾತಿಲ್ಲ. ಬೆಕ್ಕು, ನಾಯಿ ಮೊದಲಾದ ಪ್ರಾಣಿಗಳು ನಡೆಯುವ, ನೋಡುವ, ಹೆದರುವ ರೀತಿಯಲ್ಲಿಯೇ ಕಥೆ ಸಾಗುತ್ತದೆ. 2025ರ ಆಸ್ಕರ್ ಸಮಾರಂಭದಲ್ಲಿ ಉತ್ತಮ ಅನಿಮೇಷನ್ ಚಲನಚಿತ್ರ ಪ್ರಶಸ್ತಿ ಅದಕ್ಕೆ ಸಂದಿತು. ತಂತ್ರಾಂಶದ ಬೆಲೆ ಸೊನ್ನೆ. ಬೆಕ್ಕನ್ನು ನೋಡಿದ ಕಣ್ಣಿಗೆ ಬೆಲೆ.

ನಮ್ಮಲ್ಲಿ ಪಾತ್ರಗಳಿಗೆ ಬರವೇ? ತೊಗಲುಗೊಂಬೆಯಾಟದ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಕೀಲುಗಳ ಮೇಲೆಯೇ ಕುಣಿಯುವವರು. ಪಕ್ಕದ ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳಿಗೆ ಭೌಗೋಳಿಕ ಗುರುತಿನ ಮನ್ನಣೆಯೂ ಇದೆ. ಈ ಕುಶಲಕರ್ಮಿಗಳನ್ನು ವರ್ಷಕ್ಕೊಮ್ಮೆ ಕರೆಸಿ ಶಾಲು ಹೊದಿಸುವುದಕ್ಕಿಂತ, ಸಂಭಾವನೆ ಕೊಟ್ಟು ಮಾಡೆಲಿಂಗ್ ತರಗತಿಯಲ್ಲಿ ವಾರಕ್ಕೊಮ್ಮೆ ಪಾಠ ಹೇಳಿಸುವುದು ಲೇಸು.

ತಂತ್ರಾಂಶ ಕಲಿಸಲೇಬಾರದೆಂದು ನಾನು ಹೇಳುತ್ತಿಲ್ಲ. ಮಾಯಾ ಬಾರದ ಹುಡುಗನನ್ನು ಬೆಂಗಳೂರಿನ ಸ್ಟುಡಿಯೋ ಒಳಗೆ ಬಿಡುವುದಿಲ್ಲ, ಅದು ನನಗೂ ಗೊತ್ತು. ಆದರೆ ಮೊದಲ ವರ್ಷದ ಅರ್ಧ ಕಾಲವಾದರೂ ಪೆನ್ಸಿಲು, ಮಣ್ಣು ಮತ್ತು ಸಂತೆಗೆ ಮೀಸಲಾಗಬೇಕು. ಇದನ್ನು ಕಾಲೇಜುಗಳಷ್ಟೇ ಮಾಡಲಾರವು. ದೋಷದ ಪಾಲು ನಮ್ಮದೂ ಇದೆ. ಕೆಲಸ ಕೊಡುವಾಗ "ಯಾವ ಸಾಫ್ಟ್‌ವೇರ್ ಬರುತ್ತದೆ" ಎಂದು ಕೇಳುವವರು ನಾವು. ಮಕ್ಕಳು ಅಂಗಳದೊಳಗೆ ಬಂದರೆ ಕಾವಲುಗಾರನಿಂದ ಹೊರಗೆ ಕಳಿಸುವವರೂ ನಾವು. "ಅನುಭವ ಸಿಗುತ್ತದಲ್ಲ" ಎಂದು ಹೇಳಿ ಬಿಟ್ಟಿ ಕೆಲಸ ಮಾಡಿಸಿಕೊಳ್ಳುವ ಚಾಳಿಯಂತೂ ಸದಸ್ಯರಲ್ಲಿ ಹಬ್ಬಿದೆ. ಮುಂಗಡ ಎಷ್ಟು, ತಿದ್ದುಪಡಿ ಎಷ್ಟು ಸಲ, ಪಾತ್ರದ ಹಕ್ಕು ಯಾರಿಗೆ ಎಂದು ಒಂದು ಹಾಳೆಯ ಮೇಲೆ ಬರೆದುಕೊಟ್ಟರೆ ಆ ಮಕ್ಕಳು ವ್ಯವಹಾರವನ್ನೂ ಕಲಿತಾರು.

ಎಪಿಎಂಸಿ ಪ್ರಾಂಗಣ, ಜಿನ್ನಿಂಗ್ ಕಾರ್ಖಾನೆ, ನೇಕಾರರ ಮಗ್ಗ, ಕಮ್ಮಾರಸಾಲೆ, ಮುದ್ರಣಾಲಯ, ಇವುಗಳಲ್ಲಿ ವಾರಕ್ಕೆ ಎರಡು ತಾಸು ಕುಳಿತು ನೋಡಿ ಚಿತ್ರಿಸಲು ವಿದ್ಯಾರ್ಥಿಗಳಿಗೆ ಅನುಮತಿ ಕೊಡುವ ಸದಸ್ಯರ ಪಟ್ಟಿಯೊಂದನ್ನು ಮಂಡಳಿಯ ಕಚೇರಿಯಲ್ಲಿ ಸಿದ್ಧಪಡಿಸಬೇಕೆಂದು ಕಾರ್ಯಕಾರಿ ಸಮಿತಿಗೆ ಬರೆದುಕೊಂಡಿದ್ದೇನೆ. ಮಾಲೀಕರು ಮಾಡಬೇಕಾದ ಖರ್ಚು ಒಂದು ಬೆಂಚು ಮತ್ತು ಚಹಾ. ಕೆಲಸಗಾರರನ್ನು ಚಿತ್ರಿಸುವ ಮೊದಲು ಅವರ ಒಪ್ಪಿಗೆ ಪಡೆಯಬೇಕೆಂಬ ಷರತ್ತನ್ನು ಅಧ್ಯಾಪಕರೇ ಹಾಕಿದ್ದಾರೆ. ನಮ್ಮ ಮುದ್ರಣಾಲಯದಲ್ಲಿ ಮಂಗಳವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ಬರಬಹುದು; ಡೈ ಪಂಚಿಂಗ್ ಯಂತ್ರದ ಸುತ್ತ ಹಳದಿ ಗೆರೆ ಎಳೆಸಿದ್ದೇನೆ, ಅದರಾಚೆ ಕುಳಿತು ನೋಡಬೇಕು.